ಗಿಟಾರಿನ ಹಲಗೆ ಉಬ್ಬುವುದೇಕೆ?

(ದಾಂಡೇಲಿಯಲ್ಲಿ ಸಂಗೀತಾಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ದಾಂಡೇಲಿಯಲ್ಲಿ ನಿಂತು ಮರದ ವಿಷಯ ಮಾತಾಡುವುದು ಕಮ್ಮಾರರ ಕೇರಿಯಲ್ಲಿ ಸೂಜಿ ಮಾರಿದ ಹಾಗೆ. ಇಲ್ಲಿ ಸರ್ಕಾರದ ಮರದ ಡಿಪೋ ಇದೆ. ಒಂದು ಕಾಲಕ್ಕೆ ಪ್ಲೈವುಡ್ ಕಾರ್ಖಾನೆಯೂ ಇತ್ತು. 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಈ ಕಾಡಿನ ಬಿದಿರನ್ನು ನಂಬಿಕೊಂಡೇ ಹುಟ್ಟಿದ್ದು. ಅಳ್ನಾವರದಿಂದ ಇಲ್ಲಿಯವರೆಗೆ ಹಳಿ ಹಾಕಿದ್ದೂ ದಿಮ್ಮಿಗಳನ್ನು ಸಾಗಿಸುವುದಕ್ಕೆ. ಮರದ ಜಾತಿ, ಮರದ ದರ, ಮರದ ಸುತ್ತಳತೆ ನಿಮಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಘನಮೀಟರಿನಲ್ಲಿ ಅಳೆಯುವ ಮರದ ಮಾತಲ್ಲ, ಮಿಲಿಮೀಟರಿನಲ್ಲಿ ಅಳೆಯುವ ಮರದ ಮಾತು. ಅದು ಗಿಟಾರಿನ ಮೇಲ್ಹಲಗೆ.

ಗಿಟಾರು ನಮ್ಮ ಈ ನಾಲ್ಕು ತಾಲ್ಲೂಕಿಗೆ ಹೊಸಬನಲ್ಲ. ಜೋಯಿಡಾದ ಗಡಿ ದಾಟಿದರೆ ಗೋವಾ. ಹಳಿಯಾಳ, ದಾಂಡೇಲಿಗಳ ಇಗರ್ಜಿಗಳಲ್ಲಿ, ಕಾರ್ಖಾನೆಯ ಕಾಲೊನಿಗಳ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ, ಕಾಲೇಜು ಹುಡುಗರ ಕೋಣೆಗಳಲ್ಲಿ, ಮುಂಡಗೋಡದ ಟಿಬೆಟನ್ ಕ್ಯಾಂಪಿನ ಯುವಕರ ಕೈಯಲ್ಲಿ ಅದು ಬಹಳ ದಿನಗಳಿಂದ ಇದೆ. ಹೀಗಾಗಿ ಹಳೆಯ ಗಿಟಾರುಗಳೂ ಇವೆ. ಗೋಡೆಗೆ ನೇತುಹಾಕಿದ್ದು, ಅಟ್ಟದಲ್ಲಿ ಮಲಗಿಸಿದ್ದು, ತಂದೆಯವರದು, ಚಿಕ್ಕಪ್ಪನದು. ಕೆಳಗಿಳಿಸಿ ನೋಡಿದರೆ ಬಹುಪಾಲು ಒಂದೇ ಕಾಯಿಲೆ. ತಂತಿಗಳು ಮೆಟ್ಟಿಲಿನಿಂದ ಮೇಲೆದ್ದಿವೆ, ಒತ್ತಿದರೆ ಬೆರಳು ಕೊಯ್ಯುತ್ತದೆ. ತಂತಿ ಕಟ್ಟುವ ಬ್ರಿಜ್ಜಿನ ಹಿಂದೆ ಹಲಗೆ ಹೊಟ್ಟೆಯಂತೆ ಉಬ್ಬಿದೆ, ಮುಂದೆ ತಗ್ಗಿದೆ. ಅಂಗಡಿಗೆ ಒಯ್ದರೆ ಸಿಗುವ ಉತ್ತರವೂ ಒಂದೇ: "ಇದರ ಕಥೆ ಮುಗೀತು, ಹೊಸದು ತಗೊಳ್ರಿ."

ನಿಜವಾಗಿ ಕಥೆ ಮುಗಿದಿರುತ್ತದೆಯೆ? ಅನೇಕ ಸಂದರ್ಭಗಳಲ್ಲಿ ಇಲ್ಲ. ಆದರೆ ಉಬ್ಬಿದ್ದನ್ನು ಒತ್ತಿ ಚಪ್ಪಟೆ ಮಾಡುವುದು ರಿಪೇರಿ ಅಲ್ಲ. ಹಲಗೆ ಸೊಟ್ಟಗಾಗಿದೆ ಎಂದರೆ ಯಾವುದೋ ಎಳೆತಕ್ಕೆ, ಎಷ್ಟೋ ಮಳೆಗಾಲ ಬೇಸಿಗೆಗಳಿಗೆ ಅದು ಕೊಟ್ಟ ಉತ್ತರ ಅದು. ಆ ಉತ್ತರವನ್ನು ಮೊದಲು ಓದಬೇಕು, ಆಮೇಲೆ ಕೈಹಾಕಬೇಕು. ಇಂದಿನ ಮಾತಿನ ಸಾರ ಇಷ್ಟೇ. ಇನ್ನು ವಿವರಕ್ಕೆ ಬರೋಣ.

ಮೂರು ಮಿಲಿಮೀಟರಿನ ಹೊಣೆ

ಗಿಟಾರಿನಲ್ಲಿ ನಾದ ಹುಟ್ಟುವುದು ತಂತಿಯಲ್ಲಿ, ಆದರೆ ಅದು ನಮ್ಮ ಕಿವಿಗೆ ಮುಟ್ಟುವುದು ಹಲಗೆಯಿಂದ. ತಂತಿ ತೀರ ಸಣ್ಣದು, ಗಾಳಿಯನ್ನು ದೂಡುವ ಶಕ್ತಿ ಅದಕ್ಕಿಲ್ಲ. ಅದು ಬ್ರಿಜ್ಜನ್ನು ಅಲುಗಿಸುತ್ತದೆ, ಬ್ರಿಜ್ಜು ಹಲಗೆಯನ್ನು ಅಲುಗಿಸುತ್ತದೆ, ಹಲಗೆ ಗಾಳಿಯನ್ನು ಅಲುಗಿಸುತ್ತದೆ. ನಮ್ಮ ವೀಣೆ ತಂಬೂರಿಗಳವರು ಈ ಬ್ರಿಜ್ಜಿಗೆ 'ಕುದುರೆ' ಎನ್ನುತ್ತಾರೆ. ನಾದವನ್ನು ಬೆನ್ನ ಮೇಲೆ ಹೊತ್ತು ಹಲಗೆಗೆ ಇಳಿಸುವ ಕುದುರೆ ಎಂದುಕೊಂಡರೆ ಹೆಸರು ಚೆನ್ನಾಗಿಯೇ ಹೊಂದುತ್ತದೆ.

ಸ್ಪೇನಿನ ಅಂತೋನಿಯೊ ದೆ ತೊರೆಸ್ (1817–1892) ಎಂಬ ಕುಶಲಕರ್ಮಿ ಇಂದಿನ ಕ್ಲಾಸಿಕಲ್ ಗಿಟಾರಿಗೆ ಅದರ ಅಳತೆ ಆಕಾರಗಳನ್ನು ಕೊಟ್ಟವನು. ನಾದದ ಜೀವ ಮೇಲ್ಹಲಗೆಯಲ್ಲಿದೆ ಎಂಬುದನ್ನು ತೋರಿಸಲು ಅವನು 1862ರಲ್ಲಿ ಒಂದು ವಿಚಿತ್ರ ವಾದ್ಯ ಮಾಡಿದ. ಮೇಲ್ಹಲಗೆ ಮಾತ್ರ ಮರದ್ದು. ಹಿಂಬದಿ ಮತ್ತು ಪಕ್ಕಗಳೆಲ್ಲ ಕಾಗದದ ರಟ್ಟಿನವು! ಕಾಗದದ ಊರಿನವರಾದ ನಿಮಗೆ ಈ ಸಂಗತಿ ಹಿತವೆನಿಸೀತು. ಆ ರಟ್ಟಿನ ಗಿಟಾರು ನುಡಿಯಿತು. ಹಿಂಬದಿಯ ಮರ ನಾದದ ಬಣ್ಣವನ್ನು ತಿದ್ದುತ್ತದೆ, ಆದರೆ ಆ ನಾದವನ್ನು ಹೊರಗೆ ಕಳಿಸುವ ಮುಖ್ಯ ಕೆಲಸ ಮೇಲ್ಹಲಗೆಯದು ಎಂಬುದು ಅದರಿಂದ ಸ್ಪಷ್ಟವಾಯಿತು.

ಹಲಗೆ ಅಲುಗಬೇಕಾದರೆ ತೆಳ್ಳಗಿರಬೇಕು, ಹಗುರವಾಗಿರಬೇಕು. ಅದಕ್ಕಾಗಿ ಬಳಸುವುದು ಬಹುಮಟ್ಟಿಗೆ ಸ್ಪ್ರೂಸ್ ಎಂಬ ಚಳಿನಾಡಿನ ಸೂಜಿ ಎಲೆಯ ಮರ ಅಥವಾ ಸೀಡರ್. ಸ್ಪ್ರೂಸ್ ಘನಮೀಟರಿಗೆ ಸುಮಾರು 400 ಕಿಲೊ ತೂಗುತ್ತದೆ. ನಮ್ಮ ಬೀಟೆ ಅದರ ಎರಡು ಪಟ್ಟು. ಹಗುರವಾದರೂ ನಾರಿನ ಉದ್ದಕ್ಕೆ ಸ್ಪ್ರೂಸ್ ಬಲು ಬಿಗಿ. ಹಲಗೆಯ ದಪ್ಪ ಎರಡೂವರೆಯಿಂದ ಮೂರು ಮಿಲಿಮೀಟರ್. ಇನ್ನು ಎಳೆತವನ್ನು ನೋಡಿ. ಸಾಮಾನ್ಯ ಉಕ್ಕಿನ ಆರು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಒಟ್ಟು ಎಳೆತ ಸುಮಾರು 70 ಕಿಲೊ. ಎಂದರೆ ವಯಸ್ಕನೊಬ್ಬನ ಭಾರ ಹಗಲೂ ರಾತ್ರಿ ಆ ಮೂರು ಮಿಲಿಮೀಟರಿನ ಮೇಲೆ ಜೋತುಬಿದ್ದಂತೆ. ನೈಲಾನ್ ತಂತಿಯಾದರೆ ಸುಮಾರು 40 ಕಿಲೊ.

ಇಷ್ಟು ಭಾರವನ್ನು ಬರಿಯ ಹಲಗೆ ತಾಳಲಾರದು. ಆದ್ದರಿಂದ ಒಳಮೈಗೆ ಮರದ ಪಟ್ಟಿಗಳನ್ನು ಅಂಟಿಸುತ್ತಾರೆ. ತೊರೆಸ್ ಬೀಸಣಿಗೆಯ ಕಡ್ಡಿಗಳಂತೆ ಪಟ್ಟಿ ಹರಡಿದ. ಜರ್ಮನಿಯಿಂದ 1833ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿ ನೆಲೆಸಿದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್‌ನ ಮನೆತನ 1840ರ ದಶಕದಲ್ಲಿ ಗುಣಾಕಾರ ಚಿಹ್ನೆಯಂತೆ ಎರಡು ಪಟ್ಟಿಗಳನ್ನು ಅಡ್ಡಹಾಯಿಸುವ ಕ್ರಮವನ್ನು ರೂಢಿಗೆ ತಂದಿತು. ಆಗ ಇದ್ದದ್ದು ಕರುಳಿನ ತಂತಿ. 20ನೇ ಶತಮಾನದಲ್ಲಿ ಉಕ್ಕಿನ ತಂತಿ ಬಂದಾಗ ಅದರ ಎಳೆತವನ್ನು ತಾಳಿಕೊಂಡದ್ದು ಈ ಗುಣಾಕಾರದ ಪಟ್ಟಿಯೇ.

ಇಲ್ಲೇ ಮೊದಲ ಪಾಠವಿದೆ. ಬೀಸಣಿಗೆ ಪಟ್ಟಿಯ ಹಗುರ ಗಿಟಾರಿಗೆ ನೈಲಾನಿನ ಬದಲು ಉಕ್ಕಿನ ತಂತಿ ಹಾಕಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. "ಸದ್ದು ಜೋರು ಬರುತ್ತದೆ" ಎಂದು ಹಾಗೆ ಮಾಡುವವರಿದ್ದಾರೆ. ಹಲಗೆ ಉಬ್ಬಲು ಅಷ್ಟೇ ಸಾಕು.

ಮರ ಕುಡಿಯುವ ನೀರು

ಎಳೆತ ಒಂದು ಕಾರಣ. ಇನ್ನೊಂದು ನೀರು. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಒದ್ದು ತೆಗೆಯಬೇಕಾಗುವುದನ್ನು ನೀವು ಬಲ್ಲಿರಿ. ಮಾರ್ಚ್ ತಿಂಗಳಲ್ಲಿ ಅದೇ ಬಾಗಿಲಿನ ಸಂದಿಯಲ್ಲಿ ಬೆಳಕು ಹಾಯುತ್ತದೆ. ಕಡಿದು ನೂರು ವರ್ಷವಾದರೂ ಮರ ಗಾಳಿಯಿಂದ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಗಾಳಿಯ ಆರ್ದ್ರತೆ ಶೇ. 40 ಇದ್ದಾಗ ಮರದಲ್ಲಿ ತೂಕದ ಸುಮಾರು ಶೇ. 8ರಷ್ಟು ನೀರಿರುತ್ತದೆ. ಆರ್ದ್ರತೆ ಶೇ. 80ಕ್ಕೆ ಏರಿದರೆ ಈ ನೀರು ಶೇ. 16ಕ್ಕೆ ಏರುತ್ತದೆ.

ನೀರು ಹೀರಿದ ಮರ ಎಲ್ಲ ದಿಕ್ಕಿಗೂ ಒಂದೇ ಸಮ ಹಿಗ್ಗುವುದಿಲ್ಲ. ನಾರಿನ ಉದ್ದಕ್ಕೆ ಹಿಗ್ಗುವುದು ನಗಣ್ಯ. ಅಡ್ಡಕ್ಕೆ ಹಿಗ್ಗುವುದೇ ಹೆಚ್ಚು. ಗಿಟಾರಿನ ಹಲಗೆ ಅಗಲವಾದ ಕಡೆ ಸುಮಾರು 40 ಸೆಂಟಿಮೀಟರ್ ಇರುತ್ತದೆ. ಮೇಲೆ ಹೇಳಿದ ಲೆಕ್ಕದಲ್ಲಿ ಒಣಹವೆಯಿಂದ ತೇವಕ್ಕೆ ಹೋದಾಗ, ತಡೆಯುವವರಿಲ್ಲದಿದ್ದರೆ, ಅದು ನಾಲ್ಕರಿಂದ ಐದು ಮಿಲಿಮೀಟರ್ ಅಗಲವಾಗಬೇಕು. ಆದರೆ ತಡೆಯುವವರಿದ್ದಾರಲ್ಲ! ಒಳಗಿನ ಪಟ್ಟಿಗಳ ನಾರು ಹಲಗೆಯ ನಾರಿಗೆ ಅಡ್ಡವಾಗಿದೆ. ಪಟ್ಟಿ ಉದ್ದಕ್ಕೆ ಹಿಗ್ಗುವುದಿಲ್ಲ. ಅದಕ್ಕೆ ಅಂಟಿಕೊಂಡ ಹಲಗೆ ಮಾತ್ರ ಅಗಲವಾಗಲು ಹವಣಿಸುತ್ತದೆ. ಪಕ್ಕಕ್ಕೆ ಜಾಗವಿಲ್ಲದಾಗ ಅದು ಮೇಲಕ್ಕೆ ಕಮಾನಿನಂತೆ ಏಳುತ್ತದೆ. ಬೇಸಿಗೆಯಲ್ಲಿ ಇದೇ ಆಟ ತಿರುಗುಮುರುಗು. ಕುಗ್ಗಲು ಹೊರಟ ಹಲಗೆಯನ್ನು ಪಟ್ಟಿ ಬಿಡುವುದಿಲ್ಲ; ಹಲಗೆ ಒಳಕ್ಕೆ ಕುಸಿಯುತ್ತದೆ, ಇಲ್ಲವೇ ಸೀಳುತ್ತದೆ.

ಇದಕ್ಕೆ ನಮ್ಮ ಬಡಗಿಗಳು ಬಾಗಿಲಿನಲ್ಲಿ ಹಿಂದೆಯೇ ಉಪಾಯ ಕಂಡುಕೊಂಡಿದ್ದರು. ಚೌಕಟ್ಟಿನ ಕೊರೆಯೊಳಗೆ ಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸಿದರೆ ಅದು ಹಿಗ್ಗಿ ಕುಗ್ಗಿ ತನ್ನ ಪಾಡಿಗೆ ಇರುತ್ತದೆ. ಪ್ಲೈವುಡ್ಡಿನದು ಇನ್ನೊಂದು ಉಪಾಯ. ಪದರ ಪದರಕ್ಕೆ ನಾರನ್ನು ಅಡ್ಡಸಾಲು ಮಾಡಿ ಅಂಟಿಸಿದರೆ ಒಂದು ಹಿಗ್ಗಲು ಹೊರಟರೆ ಇನ್ನೊಂದು ಹಿಡಿಯುತ್ತದೆ. ಗಿಟಾರಿಗೆ ಮೊದಲ ಉಪಾಯ ಒಗ್ಗದು, ಹಲಗೆ ಸಡಿಲವಿದ್ದರೆ ತಂತಿಯ ಭಾರ ಹೊರುವವರು ಯಾರು? ಎರಡನೆಯದು ಒಗ್ಗುತ್ತದೆ, ಅಗ್ಗದ ಗಿಟಾರುಗಳೆಲ್ಲ ಪ್ಲೈವುಡ್ಡಿನವೇ. ಅವು ಹವೆಗೆ ಅಷ್ಟಾಗಿ ಜಗ್ಗುವುದಿಲ್ಲ, ಆದರೆ ಅಷ್ಟಾಗಿ ನುಡಿಯುವುದೂ ಇಲ್ಲ. ಏಕಮರದ ಹಲಗೆ ಚೆನ್ನಾಗಿ ನುಡಿಯುವುದು ಅದು ಸುಲಭವಾಗಿ ಅಲುಗುವುದರಿಂದ. ಸುಲಭವಾಗಿ ಅಲುಗುವುದು ಸುಲಭವಾಗಿ ಬಾಗುತ್ತದೆ ಕೂಡ. ಗುಣ, ದೋಷ ಎರಡರ ಬೇರೂ ಒಂದೇ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ಆಟ ಜೋರಾಗಿಯೇ ನಡೆಯುತ್ತದೆ. ಜೋಯಿಡಾದ ಪಶ್ಚಿಮ ಭಾಗ ಘಟ್ಟದ ನೆತ್ತಿ. ಜೂನ್‌ನಿಂದ ಅಲ್ಲಿ ಬಟ್ಟೆ ಒಣಗುವುದೂ ಕಷ್ಟ. ಹಳಿಯಾಳ, ಮುಂಡಗೋಡಗಳು ಧಾರವಾಡ, ಹಾವೇರಿಯ ಬಯಲಿಗೆ ಮೈಚಾಚಿಕೊಂಡ ಅರೆಮಲೆನಾಡು. ಬೇಸಿಗೆಯ ಒಣಗಾಳಿ ಅಲ್ಲಿಗೆ ಧಾರಾಳ. ಒಂದೇ ಗಿಟಾರು ವರ್ಷಕ್ಕೊಮ್ಮೆ ಈ ಎರಡು ಹವೆಗಳನ್ನೂ ಉಣ್ಣುತ್ತದೆ. ಭಾರ ಹೊತ್ತ ಮರವನ್ನು ಕುರಿತು ವಿಜ್ಞಾನಿಗಳು ಕಂಡುಕೊಂಡ ಸಂಗತಿಯೊಂದು ಇಲ್ಲಿ ಮುಖ್ಯ. ಭಾರದಡಿಯಲ್ಲಿ ಮರ ನಿಧಾನವಾಗಿ ಬಾಗುತ್ತದೆ, ಅದು ಸಹಜ. ಆದರೆ ಭಾರ ಹೊತ್ತಿರುವಾಗಲೇ ಅದು ಮತ್ತೆ ಮತ್ತೆ ನೆನೆದು ಒಣಗಿದರೆ, ಒಂದೇ ಹದದಲ್ಲಿದ್ದಾಗ ಬಾಗುವುದಕ್ಕಿಂತ ಬಹಳ ಹೆಚ್ಚು ಬಾಗುತ್ತದೆ. ಹಾಗೆ ಬಾಗಿದ್ದು ಭಾರ ಇಳಿಸಿದರೂ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಶ್ರುತಿ ಏರಿಸಿದ ಗಿಟಾರನ್ನು ಹತ್ತು ಮಳೆಗಾಲ ಗೋಡೆಗೆ ನೇತುಹಾಕುವುದೆಂದರೆ ಈ ಪ್ರಯೋಗವನ್ನು ಮನೆಯಲ್ಲೇ ಮಾಡಿದಂತೆ.

ನಾಡಿ ನೋಡುವುದು

ಈಗ ಅಟ್ಟದಿಂದ ಇಳಿಸಿದ ಗಿಟಾರಿಗೆ ಬರೋಣ. ಮೊದಲ ಕೆಲಸ ಬಿರಡೆ ತಿರುಗಿಸಿ ತಂತಿಗಳನ್ನು ಸಡಿಲಿಸುವುದು. ಎರಡನೆಯದು, ಉಬ್ಬಿದ್ದೆಲ್ಲ ರೋಗವಲ್ಲ ಎಂಬುದನ್ನು ನೆನಪಿಡುವುದು. ಒಳ್ಳೆಯ ಗಿಟಾರುಗಳ ಹಲಗೆಗೆ ತಯಾರಿಸುವಾಗಲೇ ತುಸು ಕಮಾನು ಕೊಟ್ಟಿರುತ್ತಾರೆ. ಸ್ಕೇಲುಪಟ್ಟಿಯನ್ನು ಬ್ರಿಜ್ಜಿನ ಹಿಂದೆ ಅಡ್ಡಲಾಗಿ ಇಟ್ಟಾಗ ಎರಡೂ ತುದಿಯಲ್ಲಿ ಒಂದಿಷ್ಟು ಸಂದಿ ಕಂಡರೆ ಗಾಬರಿ ಬೇಡ. ಬ್ರಿಜ್ಜಿನ ಹಿಂದೆ ಗುಡ್ಡ, ಮುಂದೆ ಹಳ್ಳ, ಬ್ರಿಜ್ಜು ಮುಂದಕ್ಕೆ ವಾಲಿದೆ ಎಂದಾದರೆ ಮಾತ್ರ ವಿಚಾರಿಸಬೇಕು.

ಮೂರನೆಯದು, ತೆಳು ಕಾಗದದ ಚೂರೊಂದನ್ನು ಬ್ರಿಜ್ಜಿನ ಹಿಂಚಿಗೆ ತೂರಿಸಿ ನೋಡುವುದು. ಕಾಗದ ಒಳಗೆ ಹೋದರೆ ಅಂಟು ಬಿಟ್ಟಿದೆ. ನಾಲ್ಕನೆಯದು, ಬೆರಳ ಗೆಣ್ಣಿನಿಂದ ಹಲಗೆಯನ್ನು ಅಲ್ಲಲ್ಲಿ ಮೆಲ್ಲಗೆ ತಟ್ಟುವುದು. ಗಟ್ಟಿಯಾಗಿ ಅಂಟಿದ ಕಡೆ ತುಂಬಿದ ಸದ್ದು ಬರುತ್ತದೆ. ಪಟ್ಟಿ ಬಿಟ್ಟ ಕಡೆ ಒಡಕು ಗಡಿಗೆಯ ಸದ್ದು. ಐದನೆಯದು, ದುಂಡು ರಂಧ್ರದೊಳಗೆ ಚಿಕ್ಕ ಕನ್ನಡಿ, ಚಿಕ್ಕ ಟಾರ್ಚು ಇಳಿಸಿ ಪಟ್ಟಿಗಳ ತುದಿಗಳನ್ನು ನೋಡುವುದು. ಬ್ರಿಜ್ಜಿನ ಕೆಳಗೆ ಒಳಗಡೆ ಒಂದು ಗಟ್ಟಿಮರದ ಬಿಲ್ಲೆ ಇರುತ್ತದೆ. ಅದು ಬಾಗಿದೆಯೆ, ಸೀಳಿದೆಯೆ ಎಂದು ಪರೀಕ್ಷಿಸಬೇಕು. ಉಬ್ಬಿಗೆ ಕಾರಣ ಅನೇಕ ವೇಳೆ ಇಲ್ಲೇ ಸಿಗುತ್ತದೆ.

ಪರೀಕ್ಷೆ ಮುಗಿದ ಮೇಲೂ ಕೂಡಲೆ ಕೈಹಾಕಬಾರದು. ಹಲಗೆಯನ್ನು ಅದರ ಸಹಜ ಹದಕ್ಕೆ ತರಬೇಕು. ಆರ್ದ್ರತೆ ಶೇ. 45ರಿಂದ 55ರೊಳಗೆ ಇದ್ದರೆ ಒಳಿತು; ಅದನ್ನು ತೋರಿಸುವ ಸಣ್ಣ ಮಾಪಕಗಳು ಈಗ ಅಗ್ಗಕ್ಕೆ ಸಿಗುತ್ತವೆ. ಮಳೆಗಾಲದಲ್ಲಾದರೆ ತಂತಿ ಸಡಿಲಿಸಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಬೇಕು. ಬೇಸಿಗೆಯಲ್ಲಾದರೆ ತೂತು ಮಾಡಿದ ಸೋಪಿನ ಡಬ್ಬಿಯೊಳಗೆ ಹಿಂಡಿದ ಸ್ಪಂಜು ಇಟ್ಟು ಅದನ್ನು ಪೆಟ್ಟಿಗೆಯಲ್ಲಿ ಇಡಬೇಕು. ಎರಡು ಮೂರು ವಾರ ಕಾಯಬೇಕು. ಬರಿಯ ಹವೆಯಿಂದ ಬಂದ ಉಬ್ಬಾಗಿದ್ದರೆ ಇಷ್ಟರಲ್ಲೇ ಇಳಿಯುತ್ತದೆ, ಖರ್ಚಿಲ್ಲದೆ. ಹಪ್ಪಳ ಒಣಗಿಸಿದಂತೆ ಅಂಗಳದ ಬಿಸಿಲಿಗೆ ಇಡುವುದು ಮಾತ್ರ ಬೇಡ. ಮೇಲಿನ ಮೈ ಒಣಗಿ ಒಳಗಿನ ಮೈ ಹಸಿಯಿದ್ದಾಗಲೇ ಹಲಗೆ ಸೀಳುವುದು.

ಕೈಹಾಕುವುದು

ಉಬ್ಬು ಇಳಿಯದಿದ್ದರೆ ಕೆಲಸ ಬಲ್ಲವರ ಕೈ ಬೇಕು. ಬಿಟ್ಟ ಪಟ್ಟಿಯ ಸಂದಿಯಿಂದ ಹಳೆಯ ಅಂಟಿನ ಧೂಳು ತೆಗೆದು, ತೆಳ್ಳನೆಯ ಅಲಗಿನಿಂದ ಹೊಸ ಅಂಟು ತೂರಿಸಿ, ರಂಧ್ರದ ಮೂಲಕ ಕ್ಲ್ಯಾಂಪು ಇಳಿಸಿ ಅಥವಾ ಒಳಗಿನಿಂದ ಆನಿಸಿ, ಒಂದು ದಿನ ಬಿಡುತ್ತಾರೆ. ಬಾಗಿದ ಹಲಗೆಯನ್ನು ನೇರ ಮಾಡುವುದಕ್ಕೆ ಬ್ರಿಜ್ಜನ್ನು ಬಿಸಿ ಮಾಡಿ ಬಿಡಿಸಿ, ಒಳಗೊಂದು ಹೊರಗೊಂದು ಬೆಚ್ಚಗಿನ ಅಚ್ಚುಹಲಗೆ ಇಟ್ಟು, ಮೆಲ್ಲಗೆ ಬಿಗಿದು, ಪೂರ್ತಿ ತಣಿಯುವವರೆಗೆ ಹಾಗೇ ಬಿಡುತ್ತಾರೆ. ಬಿಸಿ ಮತ್ತು ಕೊಂಚ ತೇವ ಸೇರಿದರೆ ಮರ ಮೆತ್ತಗಾಗುತ್ತದೆ. ಗಿಟಾರಿನ ಪಕ್ಕಗಳನ್ನು ಮೊದಲು ಬಾಗಿಸಿದ್ದೂ ಹಾಗೆಯೇ. ಒಂದೇ ದಿನಕ್ಕೆ ನೇರ ಮಾಡುವ ಹಟ ಕೂಡದು. ಇಂದು ಅರ್ಧ ಮಿಲಿಮೀಟರ್, ಮುಂದಿನ ವಾರ ಇನ್ನರ್ಧ. ಬಿರುಕಿದ್ದರೆ ಹದಕ್ಕೆ ತಂದಾಗ ಅದು ತಾನೇ ಕೂಡಿಕೊಳ್ಳುತ್ತದೆ. ಆಗ ಅಂಟು ಹಾಕಿ, ಒಳಗಡೆಯಿಂದ ನಾರಿಗೆ ಅಡ್ಡವಾಗಿ ಪುಟ್ಟ ಸ್ಪ್ರೂಸ್ ಬಿಲ್ಲೆಗಳನ್ನು ಅಂಟಿಸುತ್ತಾರೆ.

ಯಾವ ಅಂಟು ಎಂಬುದು ದೊಡ್ಡ ಪ್ರಶ್ನೆ. ಹಳೆಯ ವಾದ್ಯಗಳಿಗೆ ಬಳಸಿದ್ದು ಚರ್ಮ ಎಲುಬುಗಳನ್ನು ಕುದಿಸಿ ತೆಗೆದ ಸರೇಸು. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಬಿಸಿಯಿರುವಾಗಲೇ ಹಚ್ಚಬೇಕು. ವಾಸನೆ ಇದೆ, ತಾಪತ್ರಯ ಇದೆ. ಆದರೂ ಬಲ್ಲವರು ಅದನ್ನೇ ಏಕೆ ಹಿಡಿದಿದ್ದಾರೆ? ಬಿಸಿ ಮತ್ತು ತೇವ ಕೊಟ್ಟರೆ ಅದು ಮತ್ತೆ ಬಿಡುತ್ತದೆ. ಮುಂದೊಂದು ದಿನ ಇನ್ನೊಬ್ಬ ಇದೇ ವಾದ್ಯವನ್ನು ಬಿಚ್ಚಬೇಕಾಗಿ ಬಂದಾಗ ಮರ ಸೀಳದೆ ಬಿಚ್ಚಬಹುದು. ಎರಡು ಮಿಶ್ರಣ ಕಲಸುವ ರಾಸಾಯನಿಕ ಅಂಟಿನಿಂದ ಕೂಡಿಸಿದರೆ ಇಂದಿಗೆ ಭದ್ರ, ನಾಳೆಯ ರಿಪೇರಿಗೆ ಬಾಗಿಲು ಬಂದ್. ಅಂಟು ಸೋಲಬೇಕು, ಮರ ಸೋಲಬಾರದು. ಇದು ಈ ಕಸುಬಿನ ಧರ್ಮ. ಆ ಧರ್ಮದ ಪ್ರಕಾರ ಬ್ರಿಜ್ಜಿಗೆ ಮೊಳೆ, ಸ್ಕ್ರೂ ಹೊಡೆಯುವುದು ಮಹಾಪರಾಧ. ಮೊಳೆ ಎಳೆತವನ್ನು ಕಡಿಮೆ ಮಾಡುವುದಿಲ್ಲ, ತೂತನ್ನು ಮಾತ್ರ ಹೆಚ್ಚು ಮಾಡುತ್ತದೆ.

ರಿಪೇರಿ ಆದ ಮೇಲೆ ಹಗುರ ತಂತಿ ಹಾಕಬೇಕು. ಹೊತ್ತು ಹೊತ್ತು ದಣಿದ ಹಲಗೆ ಅದು. ತುಸು ಉಬ್ಬು ಉಳಿದರೂ ಚಿಂತಿಲ್ಲ. ತಂತಿ ಕೈಗೆ ಒಗ್ಗಿ, ಶ್ರುತಿ ನಿಂತು, ಪಟ್ಟಿಗಳು ಗಟ್ಟಿಯಿದ್ದರೆ ಅದನ್ನು ಹಾಗೇ ಬಿಡಬೇಕು. ಹೊಸದರಂತೆ ಕಾಣಿಸಲೆಂದು ಉಜ್ಜಿ ವಾರ್ನಿಷು ಬಳಿದರೆ ಮೂರು ಮಿಲಿಮೀಟರ್ ಎರಡಾಗುತ್ತದೆ. ಹೋದ ಮರ ಮತ್ತೆ ಬಾರದು.

ತಂಬೂರಿಯಿಂದ ಕಲಿಯುವುದು

ಇವೆಲ್ಲ ಪರದೇಶದ ಪಾಠ ಎನಿಸಬೇಕಿಲ್ಲ. ಇಲ್ಲಿಂದ ಒಂದೆರಡು ತಾಸಿನ ದಾರಿಯ ಧಾರವಾಡ, ಮಲ್ಲಿಕಾರ್ಜುನ ಮನಸೂರರಂಥವರ (1910–1992) ನೆಲ. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರು (1913–2009) ಬಾಳಿದರು. ಈ ಸೀಮೆಯ ಗಾಯಕರ ಬೆನ್ನಿಗೆ ನುಡಿದ ತಂಬೂರಿಗಳ ತವರು ಗಡಿಯಾಚೆಯ ಮಿರಜ. ಅಲ್ಲಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ತಂಬೂರಿಯಲ್ಲೂ ಒಂದು ತೆಳುಹಲಗೆ ಇದೆ, ಅದನ್ನು ತಬಲಿ ಎನ್ನುತ್ತಾರೆ. ಅದರ ಕಾಯಿಲೆ ಗಿಟಾರಿನದಕ್ಕೆ ವಿರುದ್ಧ. ಗಿಟಾರಿನಲ್ಲಿ ತಂತಿಯನ್ನು ಬ್ರಿಜ್ಜಿಗೇ ಕಟ್ಟುವುದರಿಂದ ಅದು ಬ್ರಿಜ್ಜನ್ನು ಮುಂದಕ್ಕೆ ಎಳೆದು ಹಿಂದಿನ ಹಲಗೆಯನ್ನು ಎಬ್ಬಿಸುತ್ತದೆ. ತಂಬೂರಿಯಲ್ಲಿ ತಂತಿ ಕುದುರೆಯ ಮೇಲೆ ಹಾಯ್ದು ಬುಡಕ್ಕೆ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಕುದುರೆಯನ್ನು ಕೆಳಕ್ಕೆ ಒತ್ತುತ್ತದೆ. ಗಿಟಾರಿನ ಹಲಗೆ ಉಬ್ಬಿದರೆ ತಂಬೂರಿಯ ತಬಲಿ ಕುಸಿಯುತ್ತದೆ. ಅದನ್ನು ತಾಳಲೆಂದೇ ತಬಲಿಗೆ ಮೊದಲೇ ಉಬ್ಬು ಕೊಟ್ಟಿರುತ್ತಾರೆ.

ಈ ಸಂಪ್ರದಾಯದಿಂದ ಕಲಿಯಬೇಕಾದ ದೊಡ್ಡ ಗುಣ ಬೇರೆಯೇ ಇದೆ. ತಂಬೂರಿ ಇಟ್ಟುಕೊಂಡವರು ಅದನ್ನು ಒಮ್ಮೆ ಕೊಂಡು ಮರೆಯುವ ವಸ್ತು ಎಂದು ತಿಳಿಯುವುದಿಲ್ಲ. ಕುದುರೆಯ ಮೈ ತಂತಿಯಿಂದ ಸವೆದಾಗ ಜವಾರಿ ತಿದ್ದಿಸುತ್ತಾರೆ, ಗವಸು ಹಾಕಿ ಇಡುತ್ತಾರೆ, ಸಣ್ಣ ಬಿರುಕಿದ್ದಾಗಲೇ ಕುಶಲಕರ್ಮಿಯ ಬಳಿ ಒಯ್ಯುತ್ತಾರೆ. ಚರ್ಮವಾದ್ಯದವರ ನಡೆಯೂ ಹಾಗೆಯೇ. ತೇವದ ಹವೆಯಲ್ಲಿ ಚರ್ಮ ಸಡಿಲಾದಾಗ ಅದನ್ನು ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡಿಕೊಳ್ಳುವುದು ಹಳ್ಳಿಯ ಯಾವ ಡೋಲಿನವನಿಗೂ ಗೊತ್ತು. ಹಳಿಯಾಳ, ಯಲ್ಲಾಪುರ ಸೀಮೆಯ ಸಿದ್ದಿ ಬಂಧುಗಳ ಡಮಾಮಿಯೂ ಮರ ಮತ್ತು ಚರ್ಮದ್ದೇ. 1966ರಿಂದ ಮುಂಡಗೋಡದಲ್ಲಿ ನೆಲೆಸಿದ ಟಿಬೆಟನ್ನರ ಡ್ರಾನ್ಯೆನ್ ಎಂಬ ತಂತಿವಾದ್ಯದ ಮುಖಕ್ಕೂ ಚರ್ಮವೇ ಇರುತ್ತದೆ. ಹವೆಯೊಡನೆ ವಾದ್ಯ ಬದಲಾಗುತ್ತದೆ, ಅದನ್ನು ದಿನಾ ನೋಡಿಕೊಳ್ಳಬೇಕು ಎಂಬ ತಿಳಿವು ನಮ್ಮ ಸುತ್ತಲೇ ಇದೆ. ಗಿಟಾರಿಗೆ ಮಾತ್ರ ನಾವು ಅದನ್ನು ಅನ್ವಯಿಸಿಲ್ಲ. ಅದನ್ನು ಅಂಗಡಿಯ ಸಾಮಾನಾಗಿ ಕಂಡೆವು.

ಕಾಡಿನ ಲೆಕ್ಕ

ಒಂದು ಹಳೆಯ ಗಿಟಾರಿಗೆ ಇಷ್ಟೆಲ್ಲ ಉಪಚಾರ ಏಕೆ ಎಂದು ಕೇಳಬಹುದು. ಉತ್ತರ ಹುಡುಕಲು ಗಿಟಾರನ್ನು ಮಗುಚಿ ಅದರ ಬೆನ್ನು ನೋಡಬೇಕು. ಲೋಕದ ಒಳ್ಳೆಯ ಗಿಟಾರುಗಳ ಬೆನ್ನಿಗೆ ಬಹುಕಾಲ ಬಳಸಿದ್ದು ಬ್ರೆಜಿಲ್ ದೇಶದ ರೋಸ್‌ವುಡ್. ಆ ದೇಶ ದಿಮ್ಮಿಗಳ ರಫ್ತಿಗೆ ತಡೆ ಹಾಕಿದ ಮೇಲೆ, 1969ರ ಸುಮಾರಿಗೆ, ಮಾರ್ಟಿನ್ ಕಂಪನಿ ಭಾರತದ ರೋಸ್‌ವುಡ್ಡಿಗೆ ಹೊರಳಿತು. ಭಾರತದ ರೋಸ್‌ವುಡ್ ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ಬೀಟೆ, ಅಂದರೆ ಸೀಸಂ. ಮೈಸೂರಿನ ಕೆತ್ತುಗೆಲಸಕ್ಕೆ ಹೆಸರು ತಂದ ಮರ, ದಾಂಡೇಲಿ ಹಳಿಯಾಳದ ಕಾಡಿನಲ್ಲಿ ತೇಗದ ಜೊತೆ ನಿಂತಿರುವ ಮರ. ಇಂದು ಪ್ರಪಂಚದ ಯಾವ ಮೂಲೆಯ ಸಂಗೀತಗಾರನಿಗೂ ಅದರ ಹೆಸರು ಗೊತ್ತು.

ಬೀಟೆ ನಿಧಾನವಾಗಿ ಬೆಳೆಯುವ ಮರ. ಅಳಿವಿನ ಭಯವಿರುವ ಜಾತಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ. ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 2017ರ ಜನವರಿ 2ರಿಂದ ಈ ಕುಲದ ಮರಗಳೆಲ್ಲವನ್ನೂ ಪರವಾನಗಿಯ ಕಟ್ಟಿಗೆ ತಂದಿತು. ಸಂಗೀತಗಾರರು ತಮ್ಮ ವಾದ್ಯ ಹೊತ್ತು ಗಡಿ ದಾಟಲು ಪಡಿಪಾಟಲು ಪಟ್ಟರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಮರಕ್ಕೆ ಕಟ್ಟು ಉಳಿಯಿತು. ಆ ಕಟ್ಟು ಇರಬೇಕಾದದ್ದೇ. ನಮ್ಮ ಕಾಡು 1956ರಲ್ಲಿ ಅಭಯಾರಣ್ಯವಾಯಿತು, ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎನಿಸಿದೆ. ಹಿಂದಿನಂತೆ ದೊಡ್ಡ ದಿಮ್ಮಿಗಳನ್ನು ಉರುಳಿಸುವ ಕಾಲ ಮುಗಿಯಿತು. ಮೇಲ್ಹಲಗೆಯ ಸ್ಪ್ರೂಸಿನದೂ ಅದೇ ಪಾಡು. 20 ಸೆಂಟಿಮೀಟರ್ ಅಗಲದ ಎರಡು ಒಳ್ಳೆಯ ಹಲಗೆ ಸೀಳಲು ಬೇಕಾದಷ್ಟು ದಪ್ಪದ ಮರ ಶತಮಾನಗಳಲ್ಲಿ ಬೆಳೆಯುತ್ತದೆ.

ಆದ್ದರಿಂದ ಏಕಮರದ ಹಳೆಯ ಗಿಟಾರನ್ನು ಬಿಸಾಕುವುದೆಂದರೆ ಮತ್ತೆ ಸಿಗದ ಮರವನ್ನು ಬಿಸಾಕಿದಂತೆ. ಯಾವುದು ಏಕಮರ, ಯಾವುದು ಪ್ಲೈವುಡ್ ಎಂದು ತಿಳಿಯುವುದು ಸುಲಭ. ದುಂಡು ರಂಧ್ರದ ಅಂಚನ್ನು ನೋಡಿ. ಮೇಲಿನ ನಾರಿನ ಗೆರೆ ಹಾಗೇ ಇಳಿದು ಒಳಗಿನವರೆಗೆ ಹೋದರೆ ಏಕಮರ. ಅಂಚಿನಲ್ಲಿ ಪದರ ಕಂಡರೆ ಪ್ಲೈವುಡ್. ಪ್ಲೈವುಡ್ಡಿನದಕ್ಕೆ ಇಷ್ಟೊಂದು ಖರ್ಚು ಮಾಡಿ ಎಂದು ನಾನು ಹೇಳಲಾರೆ. ಬ್ರಿಜ್ಜು ಅಂಟಿಸಿ, ಹಗುರ ತಂತಿ ಹಾಕಿ ಮಗುವಿಗೆ ಕಲಿಯಲು ಕೊಟ್ಟರೆ ಅದರ ಜನ್ಮ ಸಾರ್ಥಕ.

ಕೊನೆಯದಾಗಿ ಒಂದು ವಿನಂತಿ. ಈ ಸಭೆಯಲ್ಲಿ ಬಡಗಿ ಮನೆತನದವರು ಇದ್ದೀರಿ. ಮರದ ಹದ ನಿಮ್ಮ ಕೈಗೆ ಗೊತ್ತು. ನಾರು ಯಾವ ಕಡೆ ಓಡಿದೆ, ಯಾವ ಹಲಗೆ ಮುಂದೆ ಸೊಟ್ಟಗಾಗುತ್ತದೆ ಎಂದು ನೋಡಿದೊಡನೆ ಹೇಳಬಲ್ಲಿರಿ. ಕಾರ್ಖಾನೆಯ ಸಿದ್ಧ ಬಾಗಿಲುಗಳು ಬಂದ ಮೇಲೆ ಆ ತಿಳಿವಿಗೆ ಕೆಲಸ ಕಡಿಮೆಯಾಗಿದೆ. ವಾದ್ಯ ರಿಪೇರಿಗೆ ಬೇಕಾದ ತಿಳಿವಿನ ಮುಕ್ಕಾಲು ಪಾಲು ಅದೇ. ಉಳಿದ ಕಾಲು ಪಾಲನ್ನು ಮಿರಜಕ್ಕೆ ಹೋಗಿ ನೋಡಿ ಕಲಿಯಬಹುದು, ಕೆಟ್ಟ ಗಿಟಾರೊಂದನ್ನು ಬಿಚ್ಚಿ ಕೂಡಿಸಿ ಕಲಿಯಬಹುದು. ನಾಲ್ಕು ತಾಲ್ಲೂಕಿನಲ್ಲಿ ಇಂಥ ಕೆಲಸ ಬಲ್ಲ ಇಬ್ಬರು ಹುಡುಗರು ತಯಾರಾದರೂ ಎಷ್ಟೋ ಮನೆಗಳ ವಾದ್ಯಗಳು ಅಟ್ಟದಿಂದ ಇಳಿದಾವು. ಅಲ್ಲಿಯವರೆಗೆ ವಾದ್ಯವಿರುವವರು ಮಾಡಬಹುದಾದ್ದು ಬಹಳ ಸಣ್ಣದು. ಬರುವ ಜೂನ್ ತಿಂಗಳಲ್ಲಿ, ಮೊದಲ ಮಳೆಗೆ ಮುನ್ನ, ನುಡಿಸದ ಗಿಟಾರಿನ ಬಿರಡೆಗಳನ್ನು ಎರಡೆರಡು ಸುತ್ತು ಸಡಿಲಿಸಿ, ಹೊರಗೋಡೆಯಿಂದ ಇಳಿಸಿ, ಪೆಟ್ಟಿಗೆಯಲ್ಲಿಡಿ.